ಶಿವಮೊಗ್ಗ ಎಂಬ ಹೆಸರಿನ ಕಡತ

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ಸುಮಾರು 20 ಕಿಲೋಮೀಟರು ದೂರ. ಹೆಸರಿನ ಚರಿತ್ರೆಯಲ್ಲಿ ಮಾತ್ರ ಈ ಎರಡು ಊರುಗಳು ಹಿಡಿದ ದಾರಿ ಬೇರೆ ಬೇರೆ. ಭದ್ರಾವತಿ ಹಿಂದೆ ಬೆಂಕಿಪುರವಾಗಿತ್ತು. ಆ ಹೆಸರು ಹೋಗಿ ನದಿಯ ಹೆಸರನ್ನು ಹೊತ್ತ ಹೊಸ ಹೆಸರು ಬಂತು, ಊರು ಇದ್ದಲ್ಲೇ ಇತ್ತು. ಅಲ್ಲಿನ ಕಾರ್ಖಾನೆಯದೂ ಇದೇ ಕಥೆ. 1918ರಲ್ಲಿ ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್ ಎಂದು ಹುಟ್ಟಿ, 1923ರಲ್ಲಿ ಕುಲುಮೆ ಹೊತ್ತಿಸಿ, ಮುಂದೆ ಮೈಸೂರು ಐರನ್ ಅಂಡ್ ಸ್ಟೀಲ್ ಆಗಿ, ಆಮೇಲೆ ವಿಶ್ವೇಶ್ವರಯ್ಯನವರ ಹೆಸರು ಪಡೆದು, 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಶಿವಮೊಗ್ಗದ್ದು ತದ್ವಿರುದ್ಧ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾದಾಗ ಆ ಪಟ್ಟಿಯಲ್ಲಿ ಶಿವಮೊಗ್ಗವೂ ಇತ್ತು. ಬದಲಾದದ್ದು ಇಂಗ್ಲಿಷಿನ ‘ಶಿಮೋಗ’. ಕನ್ನಡದಲ್ಲಿ ಊರು ಮೊದಲೂ ಶಿವಮೊಗ್ಗ, ಆಮೇಲೂ ಶಿವಮೊಗ್ಗ. ರೈಲು ನಿಲ್ದಾಣದ ಎಸ್‌ಎಂಇಟಿ ಎಂಬ ಸಂಕೇತ ಹಾಗೆಯೇ ಉಳಿಯಿತು, ವಾಹನಗಳ ಮೇಲಿನ ಕೆಎ 14 ಕೂಡ. ಇನ್ನೊಂದು ಸಂಗತಿ: ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲೂ ಒಂದು ಭದ್ರಾವತಿ ಇದೆ. ಬರೀ ಭದ್ರಾವತಿ ಎಂದರೆ ಯಾವುದು ಎಂಬುದು, ಯಾರು ಯಾರನ್ನು ಕೇಳುತ್ತಿದ್ದಾರೆ ಎಂಬುದರ ಮೇಲೆ ನಿಂತಿದೆ.

ಹೆಸರು ಒಂದು, ಹೆಸರಿರುವ ವಸ್ತು ಒಂದು, ಆ ವಸ್ತು ಸಿಗುವ ಜಾಗ ಇನ್ನೊಂದು. ಹೆಸರು ಹೇಳಿದಾಗ ವಸ್ತುವನ್ನು ತಂದುಕೊಡುವ ಹೊಣೆ ಯಾರದು ಎಂಬುದು ನಾಲ್ಕನೆಯ ಪ್ರಶ್ನೆ. ಕಂದಾಯ ಇಲಾಖೆ, ಅಂಚೆ, ರೈಲ್ವೆಗಳು ಈ ಪ್ರಶ್ನೆಯನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಎದುರಿಸುತ್ತ ಬಂದಿವೆ. ಪ್ರೋಗ್ರಾಮುಗಳನ್ನು ಓಡಿಸಲು ಪ್ರೋಗ್ರಾಮಿಂಗ್ ಭಾಷೆಗಳು ಬಳಸುವ ರನ್‌ಟೈಮ್‌ಗಳು ಇದನ್ನು ಎದುರಿಸಿದ ಚರಿತ್ರೆ ಅದಕ್ಕಿಂತ ಬಹಳ ಈಚಿನದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ದಿನವೂ ಬಳಕೆಯಾಗುವ ಜಾವಾ ಅದಕ್ಕೆ ಒಳ್ಳೆಯ ನಿದರ್ಶನ. ನನ್ನ ವಾದ ಇಷ್ಟು: ಜಾವಾದ ಕ್ಲಾಸ್ ಲೋಡರ್ ಹೆಸರನ್ನು ಡಿಸ್ಕಿನ ಜಾಗದಿಂದ ಹುಟ್ಟಿನಲ್ಲೇ ಬಿಡಿಸಿತು, ಆದರೆ ಕಡತಗಳ ಕಡೆಯ ವ್ಯವಸ್ಥೆ ಅದೇ ಬಿಡುಗಡೆಯನ್ನು ಪಡೆಯಲು 2011ರವರೆಗೆ ಕಾಯಬೇಕಾಯಿತು. ಕನ್ನಡದ ಹೆಸರುಗಳು ಕಂಪ್ಯೂಟರಿನಲ್ಲಿ ಎಡವುತ್ತ ಬಂದಿರುವುದು ಈ ಎರಡರ ನಡುವಿನ ಬೆಸುಗೆಯಲ್ಲಿ. ‘ಕನ್ನಡದಲ್ಲಿ ಹೆಸರಿಟ್ಟರೆ ಪ್ರೋಗ್ರಾಮ್ ಓಡುವುದಿಲ್ಲ’ ಎಂಬ ನಂಬಿಕೆ ಭಾಷೆಯ ಮೇಲೆ ಹೊರಿಸಿದ ತಪ್ಪು ಆರೋಪ. ದೋಷ ಇರುವುದು ಕಡತದ ಬಾಗಿಲಲ್ಲಿ, ಅದನ್ನು ಸರಿಪಡಿಸಲು ಬೇಕಾದ ಸಲಕರಣೆಯೂ ಆ ಬಾಗಿಲಲ್ಲೇ ಇದೆ.

ಮೊದಲು ಕೆಲಸದ ಕ್ರಮ ನೋಡೋಣ. ಜಾವಾ ಪ್ರೋಗ್ರಾಮಿನ ಒಂದೊಂದು ಕ್ಲಾಸೂ ಕಂಪೈಲ್ ಆದ ಮೇಲೆ ಅದೇ ಹೆಸರಿನ ಒಂದು ಕಡತವಾಗಿ ಕೂರುತ್ತದೆ. ಪ್ರೋಗ್ರಾಮ್ ಓಡುವಾಗ ಎಲ್ಲ ಕ್ಲಾಸುಗಳೂ ಒಟ್ಟಿಗೆ ಮೆಮೊರಿಗೆ ಬರುವುದಿಲ್ಲ. ಒಂದು ಹೆಸರು ಮೊದಲ ಸಲ ಬೇಕಾದಾಗ ರನ್‌ಟೈಮ್ ಆ ಹೆಸರನ್ನು ಕ್ಲಾಸ್ ಲೋಡರ್‌ಗೆ ಕೊಡುತ್ತದೆ, ಲೋಡರ್ ಬೈಟುಗಳನ್ನು ತಂದು ಒಪ್ಪಿಸುತ್ತದೆ. ಎಲ್ಲಿಂದ ತರಬೇಕು? ರೂಢಿಯ ಉತ್ತರ ಕ್ಲಾಸ್‌ಪಾತ್: ಫೋಲ್ಡರುಗಳ, ಕ್ಲಾಸುಗಳನ್ನು ಕಟ್ಟಿಟ್ಟ ಜಾರ್ ಎಂಬ ಜಿಪ್ ಕಡತಗಳ ಒಂದು ಪಟ್ಟಿ. ಹೆಸರಿನೊಳಗಿನ ಚುಕ್ಕಿಗಳನ್ನು ಓರೆಗೆರೆಗಳಾಗಿ ಬದಲಿಸಿದರೆ ಫೋಲ್ಡರಿನ ದಾರಿ ಸಿಗುತ್ತದೆ. ಈ ರೂಢಿ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಕ್ಲಾಸ್ ಕಡತದ ಒಳಗೂ ಹೆಸರುಗಳನ್ನು ಓರೆಗೆರೆ ಹಾಕಿಯೇ ಬರೆದಿಡುತ್ತಾರೆ. ಯುನಿಕ್ಸ್ ಫೋಲ್ಡರಿನ ಗುರುತು ಇವತ್ತಿಗೂ ಅಲ್ಲಿ ಉಳಿದಿದೆ. ಆದರೂ ಇದು ರೂಢಿ ಮಾತ್ರ, ನಿಯಮವಲ್ಲ. 1995ರಲ್ಲಿ ಜಾವಾ ಹೊರಬಂದಾಗ ಅದರ ದೊಡ್ಡ ಆಕರ್ಷಣೆ ಆ್ಯಪ್ಲೆಟ್: ಬ್ರೌಸರು ದೂರದ ಸರ್ವರಿನಿಂದ ಕ್ಲಾಸುಗಳನ್ನು ತರಿಸಿ ಓಡಿಸುತ್ತಿತ್ತು. ಅಲ್ಲಿ ಡಿಸ್ಕೂ ಇಲ್ಲ, ಫೋಲ್ಡರೂ ಇಲ್ಲ. ಲೋಡರನ್ನು ಯಾರು ಬೇಕಾದರೂ ಬರೆಯಬಹುದು, ಬೈಟುಗಳನ್ನು ಎಲ್ಲಿಂದ ಬೇಕಾದರೂ ತರಬಹುದು ಎಂಬ ಸ್ವಾತಂತ್ರ್ಯ ಹೀಗೆ ಮೊದಲ ದಿನದಿಂದಲೇ ಇತ್ತು.

ಆ ಸ್ವಾತಂತ್ರ್ಯಕ್ಕೆ ಬೆಲೆ ತೆರಬೇಕಾಯಿತು. 1996ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಡ್ರೂ ಡೀನ್, ಎಡ್ವರ್ಡ್ ಫೆಲ್ಟನ್ ಮತ್ತು ಡಾನ್ ವಾಲಕ್ ಜಾವಾದ ಭದ್ರತೆಯಲ್ಲಿನ ಹಲವು ಬಿರುಕುಗಳನ್ನು ತೋರಿಸಿದರು. ಕ್ಲಾಸ್ ಲೋಡರ್ ಅವುಗಳಲ್ಲಿ ಮುಖ್ಯವಾದ ಜಾಗ. ಮರುವರ್ಷ ವಿಜಯ್ ಸಾರಸ್ವತ್ ಇನ್ನೂ ಮೂಲಭೂತವಾದ ತೊಂದರೆಯನ್ನು ಎತ್ತಿ ತೋರಿಸಿದರು. ಎರಡು ಲೋಡರುಗಳು ಒಂದೇ ಹೆಸರಿಗೆ ಎರಡು ಬೇರೆ ಕ್ಲಾಸುಗಳನ್ನು ತಂದರೆ, ಒಂದರ ವಸ್ತುವನ್ನು ಇನ್ನೊಂದರದು ಎಂದು ರನ್‌ಟೈಮ್ ತಪ್ಪಾಗಿ ನಂಬಿಬಿಡಬಹುದಿತ್ತು. ಚಂದ್ರಪುರದ ಭದ್ರಾವತಿಗೆ ಹೋಗಬೇಕಾದ ಸರಕನ್ನು ಕರ್ನಾಟಕದ ಭದ್ರಾವತಿಯಲ್ಲಿ ಇಳಿಸಿ, ವಿಳಾಸ ಸರಿಯಾಗಿದೆ ಎಂದು ರಸೀದಿ ಕೊಟ್ಟ ಹಾಗೆ. 1998ರಲ್ಲಿ ಶೆಂಗ್ ಲಿಯಾಂಗ್ ಮತ್ತು ಗಿಲಾಡ್ ಬ್ರಾಚಾ ಬರೆದ ಪ್ರಬಂಧ ಇದಕ್ಕೆ ಖಚಿತವಾದ ಪರಿಹಾರ ಕೊಟ್ಟಿತು. ಕ್ಲಾಸಿನ ಗುರುತು ಬರೀ ಹೆಸರಲ್ಲ, ಹೆಸರು ಮತ್ತು ಅದನ್ನು ತಂದ ಲೋಡರ್ ಎರಡೂ ಸೇರಿದ ಜೋಡಿ. ಎರಡು ಲೋಡರುಗಳು ಒಂದು ಹೆಸರನ್ನು ಹಂಚಿಕೊಳ್ಳುವುದಾದರೆ ಇಬ್ಬರೂ ಒಂದೇ ಕ್ಲಾಸನ್ನು ಒಪ್ಪಿರಬೇಕು, ಒಪ್ಪದಿದ್ದರೆ ರನ್‌ಟೈಮ್ ಅಲ್ಲೇ ತಡೆಯುತ್ತದೆ. ಅದೇ ವರ್ಷದ ಕೊನೆಗೆ ಬಂದ ಜಾವಾ 1.2ರಲ್ಲಿ ಹೊಸ ಲೋಡರು ತಾನೇ ಹುಡುಕುವ ಮೊದಲು ತನ್ನ ಮೇಲಿನವರನ್ನು ಕೇಳಬೇಕು ಎಂಬ ಕ್ರಮವೂ ನೆಲೆಯೂರಿತು. ಸ್ವಾತಂತ್ರ್ಯ ಕೊಟ್ಟು ಕೈಕಟ್ಟಿ ಕೂರದೆ, ಹೊಣೆಗಾರಿಕೆಯನ್ನು ಬರಹದಲ್ಲಿ ನಿಗದಿಪಡಿಸಿದ್ದು ಆ ಪ್ರಬಂಧದ ದೊಡ್ಡ ಸಾಧನೆ. ಭಾಷೆಗಳ ಇತಿಹಾಸದಲ್ಲಿ ಅದಕ್ಕೆ ಸಿಗಬೇಕಾದ ಗೌರವ ನಮ್ಮ ಪಠ್ಯಪುಸ್ತಕಗಳಲ್ಲಿ ಸಿಕ್ಕಿಲ್ಲ.

ಈಗ ಕಡತಗಳ ಕಡೆ ಬರೋಣ. ಅಲ್ಲಿನ ಕಥೆ ಅಚ್ಚರಿಯದು. ಜಾವಾವನ್ನು ರೂಪಿಸಿದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯೇ 1985ರ ಹೊತ್ತಿಗೆ ತನ್ನ ಯುನಿಕ್ಸ್ ಕರ್ನಲ್‌ನಲ್ಲಿ ಹಲವು ಬಗೆಯ ಫೈಲ್ ಸಿಸ್ಟಮ್‌ಗಳನ್ನು ಒಂದೇ ಮುಖದ ಹಿಂದೆ ಕೂರಿಸಿತ್ತು. ಸ್ಟೀವ್ ಕ್ಲೈಮನ್ 1986ರಲ್ಲಿ ಪ್ರಕಟಿಸಿದ ವಿನೋಡ್ ಎಂಬ ಆ ಮುಖದ ಕುರಿತ ಪ್ರಬಂಧ ಅದರ ವಿವರಣೆ. ಓದುವವನಿಗೆ ಕಡತ ಎದುರಿನ ಡಿಸ್ಕಿನಲ್ಲಿದೆಯೋ ನೆಟ್‌ವರ್ಕಿನ ಆಚೆ ಇದೆಯೋ ಗೊತ್ತಾಗಬೇಕಿಲ್ಲ. ಕೇಳಿದ್ದನ್ನು ತಂದುಕೊಡುವವನು ಒಬ್ಬ ಒದಗಿಸುವವ, ಅವನನ್ನು ಬದಲಿಸಬಹುದು. ಹತ್ತು ವರ್ಷದ ನಂತರ ಅದೇ ಕಂಪನಿ ಜಾವಾ ಕಟ್ಟಿದಾಗ ‘ಫೈಲ್’ ಎಂಬ ಒಂದು ಕ್ಲಾಸನ್ನು ಕೊಟ್ಟಿತು. ಅದಕ್ಕೆ ಗೊತ್ತಿದ್ದದ್ದು ಆ ಯಂತ್ರದ ಡಿಸ್ಕು ಮಾತ್ರ. ಜಿಪ್ ಒಳಗಿನ ಕಡತವನ್ನು ಓದಲು ಬೇರೆ ಕ್ಲಾಸು, ನೆಟ್‌ವರ್ಕಿನದಕ್ಕೆ ಮತ್ತೊಂದು. 2002ರ ಜಾವಾ 1.4ಕ್ಕಾಗಿ ಕೆಲಸ ಮಾಡಿದ ಸಮಿತಿ ಹೊಸ ಫೈಲ್ ಸಿಸ್ಟಮ್ ವ್ಯವಸ್ಥೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು, ಆದರೆ ಅದನ್ನು ಮುಂದಕ್ಕೆ ಹಾಕಿತು. 2003ರಲ್ಲಿ ಜೆಎಸ್‌ಆರ್ 203 ಎಂಬ ಹೊಸ ಪ್ರಸ್ತಾಪ ಬಂತು. ಅದು ಮುಗಿದದ್ದು 2011ರ ಜುಲೈನಲ್ಲಿ, ಜಾವಾ 7ರ ಜೊತೆ. ಅಷ್ಟರಲ್ಲಿ ಸನ್ ಕಂಪನಿಯೇ ಒರಾಕಲ್ ಕೈಸೇರಿತ್ತು. ಕರ್ನಲ್‌ನಲ್ಲಿ 1985ರಲ್ಲೇ ತಿಳಿದಿದ್ದ ಸಂಗತಿ ಭಾಷೆಗೆ ಬರಲು 26 ವರ್ಷ ಬೇಕಾಯಿತು. ತಿಳಿವಳಿಕೆಯ ಕೊರತೆ ಇದಕ್ಕೆ ಕಾರಣವಲ್ಲ ಎಂಬುದು ಸ್ಪಷ್ಟ. ಕಡತ ಎಂದರೆ ಡಿಸ್ಕು ಎಂಬ ರೂಢಿ ಅಷ್ಟು ಬಲವಾಗಿತ್ತು.

ಜಾವಾ 7 ತಂದ ಆ ವ್ಯವಸ್ಥೆಯ ಹೆಸರು ಫೈಲ್ ಸಿಸ್ಟಮ್ ಪ್ರೊವೈಡರ್. ಯಾರು ಬೇಕಾದರೂ ಒಂದು ಪ್ರೊವೈಡರ್ ಬರೆಯಬಹುದು: ದಾರಿಯನ್ನು ಹೇಗೆ ಓದಬೇಕು, ಕಡತವನ್ನು ಹೇಗೆ ತೆರೆಯಬೇಕು, ಫೋಲ್ಡರಿನಲ್ಲಿ ಏನೇನಿದೆ ಎಂದು ಹೇಗೆ ಹೇಳಬೇಕು ಎಂಬುದೆಲ್ಲ ಅದರ ಕೈಯಲ್ಲಿ. ಜಿಪ್ ಕಡತವನ್ನೇ ಒಂದು ಫೈಲ್ ಸಿಸ್ಟಮ್ ಎಂದು ತೋರಿಸುವ ಪ್ರೊವೈಡರ್ ಅದರ ಜೊತೆಯಲ್ಲೇ ಬಂತು. 2017ರ ಜಾವಾ 9 ಇದನ್ನು ತನ್ನ ಮನೆಯೊಳಗೂ ಜಾರಿಗೆ ತಂದಿತು. ಜಾವಾದ ಸ್ವಂತ ಕ್ಲಾಸುಗಳನ್ನು ವರ್ಷಗಟ್ಟಲೆ ಹೊತ್ತಿದ್ದ ಆರ್‌ಟಿ ಜಾರ್ ಎಂಬ ಕಡತ ಹೋಯಿತು, ಬೇರೆ ವಿನ್ಯಾಸದ ಒಂದೇ ಕಡತ ಅದರ ಜಾಗಕ್ಕೆ ಬಂತು, ಅದರೊಳಗನ್ನು ನೋಡಲು ಜೆಆರ್‌ಟಿ ಎಂಬ ಪ್ರೊವೈಡರ್ ಇಟ್ಟರು. ಇಲ್ಲೊಂದು ಗಂಟು ಇದೆ. ಯಂತ್ರದ ಮೂಲ ಪ್ರೊವೈಡರನ್ನೇ ತೆಗೆದು ನಮ್ಮದನ್ನು ಇಡಲು ಜಾವಾ ಅವಕಾಶ ಕೊಡುತ್ತದೆ. ಆದರೆ ನಮ್ಮ ಪ್ರೊವೈಡರೂ ಒಂದು ಕ್ಲಾಸು. ಅದನ್ನು ಲೋಡರ್ ತರಬೇಕು, ಲೋಡರ್ ಕಡತ ಓದಬೇಕು, ಕಡತ ಓದಲು ಪ್ರೊವೈಡರ್ ಬೇಕು. ಭದ್ರಾವತಿಯ ಕುಲುಮೆಯನ್ನು ಕಟ್ಟಲು ಬೇಕಾದ ಕಬ್ಬಿಣ ಅದೇ ಕುಲುಮೆಯಿಂದ ಬರಲು ಸಾಧ್ಯವಿರಲಿಲ್ಲ. ಜಾವಾ ಈ ಸುತ್ತನ್ನು ಬಿಡಿಸುವುದು ಎರಡು ಹಂತದಲ್ಲಿ: ಕ್ಲಾಸುಗಳ ಗುಂಪುಗಳನ್ನು ಹೊಂದಿಸುವ ಮಾಡ್ಯೂಲ್ ವ್ಯವಸ್ಥೆ ಎದ್ದು ನಿಲ್ಲುವವರೆಗೆ ಯಾರು ಕೇಳಿದರೂ ಒಳಗೇ ಇರುವ ಮೂಲ ಫೈಲ್ ಸಿಸ್ಟಮ್, ಆಮೇಲೆ ಕೇಳಿದವರಿಗೆ ನಾವು ಹೇಳಿದ್ದು. ಹೀಗಾಗಿ ಸಾಮಾನ್ಯ ಕ್ಲಾಸ್‌ಪಾತ್‌ನಿಂದ ಕ್ಲಾಸು ತರುವ ಕೆಲಸ ಇವತ್ತಿಗೂ ಹಳೆಯ ‘ಫೈಲ್’ ದಾರಿಯಲ್ಲೇ ನಡೆಯುತ್ತದೆ, ಹೊಸ ಪ್ರೊವೈಡರನ್ನು ಮುಟ್ಟುವುದೇ ಇಲ್ಲ. ಪ್ರೊವೈಡರಿನ ಮೂಲಕ ಕ್ಲಾಸು ಬರಬೇಕೆಂದರೆ ನಾವೇ ಒಂದು ಸಣ್ಣ ಲೋಡರ್ ಬರೆದು, ಬೈಟುಗಳನ್ನು ಪ್ರೊವೈಡರಿನಿಂದ ಓದಿ, ರನ್‌ಟೈಮ್‌ಗೆ ಒಪ್ಪಿಸಬೇಕು. ಎರಡು ಬಿಡುಗಡೆಗಳ ನಡುವೆ ಬೆಸುಗೆ ಇದೆ ಎಂದು ಮೊದಲೇ ಹೇಳಿದೆನಲ್ಲ, ಅದು ಇದೇ.

ಕನ್ನಡ ಈ ಬೆಸುಗೆಗೆ ಬಂದು ತಾಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಕನ್ನಡ ಲಿಪಿ, ಪ್ರತಿ ಚಿಹ್ನೆಗೂ ಒಂದು ಸಂಖ್ಯೆ ಕೊಡುವ 1991ರ ಮೊದಲ ಯೂನಿಕೋಡ್‌ನಲ್ಲೇ ಇತ್ತು. 3200ನೆಯ ಸಂಖ್ಯೆಯಿಂದ 3327ರವರೆಗಿನ ಜಾಗ ನಮ್ಮದು. ಜಾವಾ ಹುಟ್ಟಿನಿಂದಲೇ ಯೂನಿಕೋಡ್ ಭಾಷೆ. ಕ್ಲಾಸಿಗೆ ‘ಭದ್ರಾವತಿ’ ಎಂದು ಹೆಸರಿಡುವುದಕ್ಕೆ ಕಂಪೈಲರಿನ ತಕರಾರಿಲ್ಲ, ಕ್ಲಾಸ್ ಕಡತದ ಒಳಗೆ ಆ ಹೆಸರು ಸರಿಯಾಗಿಯೇ ಕೂರುತ್ತದೆ. ಎಂಟು ಸಂಖ್ಯೆಗಳ ಹೆಸರು, ಆ ಸಂಖ್ಯೆಗಳನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ 24 ಬೈಟು. ‘ಶಿವಮೊಗ್ಗ’ದ್ದೂ ಎಂಟೇ ಸಂಖ್ಯೆ, 24 ಬೈಟು. ಆದರೆ ಇಲ್ಲೊಂದು ವ್ಯತ್ಯಾಸವಿದೆ. ‘ಮೊ’ದಲ್ಲಿರುವ ಒತ್ವವನ್ನು ಯೂನಿಕೋಡ್ ಎರಡು ರೀತಿಯಲ್ಲಿ ಬರೆಯಲು ಬಿಡುತ್ತದೆ. ಒಂದು, 3274 ಎಂಬ ಇಡೀ ಚಿಹ್ನೆ. ಇನ್ನೊಂದು, 3270ರ ಎತ್ವದ ಪಕ್ಕದಲ್ಲಿ 3266ರ ಕೊಂಬಿನ ದೀರ್ಘ. ತೆರೆಯ ಮೇಲೆ ಎರಡೂ ಒಂದೇ, ಕಣ್ಣಿಗೆ ಗುರುತು ಸಿಗುವುದಿಲ್ಲ. ಯೂನಿಕೋಡ್ ನಿಯಮದಂತೆ ಎರಡೂ ಸಮಾನ. ಬೈಟುಗಳಲ್ಲಿ ಮಾತ್ರ ಒಂದು 24, ಇನ್ನೊಂದು 27. ಕನ್ನಡದಲ್ಲಿ ಹೀಗೆ ಒಡೆಯಬಲ್ಲ ಸ್ವರಚಿಹ್ನೆಗಳು ಐದು: ಈ, ಏ, ಐ, ಒ, ಓ ಸ್ವರಗಳವು. ಅಚ್ಚುಮೊಳೆಯ ಕಾಲವನ್ನು ಬಲ್ಲವರಿಗೆ ಇದು ಹೊಸದೆನಿಸದು. ಮೊಳೆ ಜೋಡಿಸುವವರು ಎತ್ವದ ಅಕ್ಷರಕ್ಕೆ ಕೊಂಬನ್ನೂ ದೀರ್ಘವನ್ನೂ ಬೇರೆ ಬೇರೆ ತುಂಡುಗಳಾಗಿಯೇ ಸೇರಿಸುತ್ತಿದ್ದರು. ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರನ್ನು ಹೀಗೆ ಪರೀಕ್ಷಿಸಿದರೆ ಶಿವಮೊಗ್ಗ, ತೀರ್ಥಹಳ್ಳಿ, ಸೊರಬ, ಹೊಸನಗರ ಈ ನಾಲ್ಕಕ್ಕೂ ಎರಡು ರೂಪ. ಭದ್ರಾವತಿ, ಸಾಗರ, ಶಿಕಾರಿಪುರ ಈ ಮೂರಕ್ಕೆ ಒಂದೇ ರೂಪ. ‘ಹೊಸ’ ಎಂದು ಶುರುವಾಗುವ ಹಳ್ಳಿಗಳು ನಾಡಿನಲ್ಲಿ ಎಷ್ಟಿವೆ ಎಂದು ಓದುಗರೇ ಯೋಚಿಸಬಹುದು.

ಜಾವಾ ಭಾಷೆಯ ನಿಯಮ ಇಲ್ಲಿ ಕಟ್ಟುನಿಟ್ಟಾಗಿದೆ: ಇಡೀ ಚಿಹ್ನೆಯ ಹೆಸರೂ ಒಡೆದ ಚಿಹ್ನೆಯ ಹೆಸರೂ ಬೇರೆ ಬೇರೆ ಹೆಸರುಗಳು. ಮ್ಯಾಕ್ ಯಂತ್ರಗಳ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಕಡತದ ಹೆಸರನ್ನು ಒಡೆದೇ ಇಡುತ್ತಿತ್ತು. ಅಲ್ಲಿ ಕೂತ ‘ಶಿವಮೊಗ್ಗ’ ಎಂಬ ಕ್ಲಾಸ್ ಕಡತವನ್ನು ಲಿನಕ್ಸ್ ಸರ್ವರಿಗೆ ನಕಲು ಮಾಡಿದರೆ ಹೆಸರು 27 ಬೈಟಿನದಾಗಿ ಬಂದು ಕೂರಬಹುದು; ಲಿನಕ್ಸ್ ಬೈಟುಗಳನ್ನು ಹೋಲಿಸುತ್ತದೆ, ಅರ್ಥವನ್ನಲ್ಲ. ಲೋಡರ್ 24 ಬೈಟಿನ ಹೆಸರು ಕೇಳುತ್ತದೆ, ‘ಕ್ಲಾಸ್ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಕಡತ ಕಣ್ಣೆದುರೇ ಇದೆ. ಪಕ್ಕದಲ್ಲಿರುವ ‘ಭದ್ರಾವತಿ’ ಮಾತ್ರ ಸಲೀಸಾಗಿ ಸಿಗುತ್ತದೆ. ಜಾವಾ ಕಟ್ಟಿದವರಿಗೆ ಈ ತೊಂದರೆ ಗೊತ್ತಿಲ್ಲವೆಂದಲ್ಲ. ಪ್ರೋಗ್ರಾಮನ್ನು ಶುರುಮಾಡುವ ಅವರ ಕೋಡಿನಲ್ಲೇ ಮ್ಯಾಕ್‌ಗೆಂದು ಒಂದು ತೇಪೆ ಇದೆ: ಮುಖ್ಯ ಕ್ಲಾಸಿನ ಹೆಸರು ಒಡೆದ ರೂಪದಲ್ಲಿ ಬಂದು ಸಿಗದೆ ಹೋದರೆ, ಕೂಡಿಸಿದ ರೂಪದಲ್ಲಿ ಮತ್ತೊಮ್ಮೆ ಹುಡುಕುತ್ತದೆ. ಮುಖ್ಯ ಕ್ಲಾಸಿಗೆ ಮಾತ್ರ, ಮ್ಯಾಕ್‌ನಲ್ಲಿ ಮಾತ್ರ.

ಎರಡನೆಯ ಅಡಚಣೆ ಇದಕ್ಕಿಂತ ಹಳೆಯದು. ವಿಂಡೋಸ್ ಯೂನಿಕೋಡ್‌ಗೆ ಬರುವ ಮೊದಲಿನ ಕಾಲದ ಪ್ರೋಗ್ರಾಮುಗಳಿಗಾಗಿ ರಷ್ಯನ್‌ಗೆ 1251, ಗ್ರೀಕ್‌ಗೆ 1253, ಥಾಯ್‌ಗೆ 874, ವಿಯೆಟ್ನಾಮಿಗೆ 1258 ಎಂಬ ಕೋಡ್ ಪೇಜ್‌ಗಳನ್ನು ಇಟ್ಟುಕೊಂಡಿತ್ತು. ಕನ್ನಡಕ್ಕೆ ಅಂಥದ್ದೊಂದನ್ನು ವ್ಯವಸ್ಥೆಯ ಕೋಡ್ ಪೇಜ್ ಆಗಿ ಕೊಡಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಬಂದಾಗ ನೇರವಾಗಿ ಯೂನಿಕೋಡ್ ಆಗಿಯೇ ಬಂತು, ತುಂಗಾ ಎಂಬ ಫಾಂಟಿನ ಜೊತೆ. ಅದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಹಳೆಯ ದಾರಿಯಲ್ಲಿ ಹಾದುಹೋಗುವ ಹೆಸರುಗಳು, ಮುಖ್ಯವಾಗಿ ಪ್ರೋಗ್ರಾಮ್ ಶುರುಮಾಡುವಾಗ ಕಮಾಂಡ್ ಸಾಲಿನಲ್ಲಿ ಬರೆಯುವ ಹೆಸರುಗಳು, ಥಾಯ್ ಯಂತ್ರದಲ್ಲಿ ಥಾಯ್ ಆಗಿಯೇ ಉಳಿದವು. ಕನ್ನಡಿಗರ ಯಂತ್ರದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾದವು. ಲಿನಕ್ಸ್‌ನಲ್ಲೂ ಇಂಥದ್ದೇ ಕಥೆ: ಭಾಷೆ, ಲಿಪಿಗಳನ್ನು ಸೂಚಿಸುವ ಲೊಕೇಲ್ ಹೊಂದಿಸದೆ ಬಿಟ್ಟ ಸರ್ವರಿನಲ್ಲಿ ಕಡತದ ಹೆಸರುಗಳಿಗೆ ಇಂಗ್ಲಿಷಿನ ಅಕ್ಷರಗಳು ಮಾತ್ರ ಸಾಕು ಎಂದು ಜಾವಾ ಅಂದುಕೊಳ್ಳುತ್ತದೆ. 2022ರ ಜಾವಾ 18 ಕಡತದೊಳಗಿನ ಬರಹಕ್ಕೆ ಯುಟಿಎಫ್-8 ಅನ್ನೇ ಮಾಮೂಲಿ ಮಾಡಿತು. ಕಡತದ ಹೆಸರಿನ ವಿಷಯವನ್ನು ಮಾತ್ರ ಲೊಕೇಲಿಗೇ ಬಿಟ್ಟಿತು. ಇಷ್ಟೆಲ್ಲ ಅಡಚಣೆಗಳ ನಡುವೆ ಒಂದು ದಾರಿ ಸದಾ ತೆರೆದೇ ಇತ್ತು ಎಂಬುದು ನನ್ನ ವಾದಕ್ಕೆ ಬಲವಾದ ಸಾಕ್ಷಿ. ಅದೇ ಕ್ಲಾಸನ್ನು ಜಾರ್ ಕಡತದೊಳಗೆ ಇಟ್ಟರೆ ಹೆಸರು ಅಲ್ಲಿ ಯುಟಿಎಫ್-8ರಲ್ಲಿ ಇರುತ್ತದೆ, ಯಂತ್ರದ ಲೊಕೇಲ್ ಏನೇ ಇದ್ದರೂ ಅದಕ್ಕೆ ಸಂಬಂಧವಿಲ್ಲ. ಜಾರ್‌ಗೆ ಇಂಗ್ಲಿಷ್ ಅಕ್ಷರದ ಹೆಸರಿಟ್ಟು, ಒಳಗೆ ‘ಶಿವಮೊಗ್ಗ’ ಎಂಬ ಕ್ಲಾಸ್ ಇಟ್ಟರೆ ಅದು ಲೋಡ್ ಆಗುತ್ತದೆ. ಭಾಷೆ ಅದೇ, ರನ್‌ಟೈಮ್ ಅದೇ, ಹೆಸರು ಅದೇ. ಬದಲಾದದ್ದು ಹೆಸರನ್ನು ಬೈಟಾಗಿ ಮಾಡುವ ಪದರ ಮಾತ್ರ.

ಬೇರೆ ದಾರಿ ಹಿಡಿದ ಭಾಷೆಯೂ ಇದೆ. ಪೈಥಾನ್ 2003ರ ಹೊತ್ತಿಗೇ ಮಾಡ್ಯೂಲುಗಳನ್ನು ಎಲ್ಲಿಂದ ತರಬೇಕೆಂದು ನಾವೇ ಹೇಳುವ ಕೊಕ್ಕೆಗಳನ್ನು ಕೊಟ್ಟಿತು, 2008ರ ಮೂರನೆಯ ಆವೃತ್ತಿಯಲ್ಲಿ ಕನ್ನಡದ ಹೆಸರುಗಳನ್ನೂ ಒಪ್ಪಿತು. ಅದು ಎಲ್ಲ ಹೆಸರುಗಳನ್ನೂ ಮೊದಲೇ ಒಂದು ಕೂಡಿಸಿದ ರೂಪಕ್ಕೆ ತರುತ್ತದೆ. ಪ್ರೋಗ್ರಾಮಿನೊಳಗೆ ಎರಡು ಶಿವಮೊಗ್ಗಗಳು ಹುಟ್ಟುವ ಭಯ ಅಲ್ಲಿಲ್ಲ. ಆದರೆ ಡಿಸ್ಕಿನಲ್ಲಿ ಒಡೆದ ಹೆಸರಿನ ಕಡತವಿದ್ದರೆ ಪೈಥಾನೂ ಅದನ್ನು ಹುಡುಕುವುದು ಕೂಡಿಸಿದ ಹೆಸರಿನಲ್ಲೇ, ಆದ್ದರಿಂದ ಸಿಗುವುದಿಲ್ಲ. ಭಾಷೆಯ ಒಳಗೆ ಎಷ್ಟೇ ಅಚ್ಚುಕಟ್ಟು ಮಾಡಿದರೂ ಬಾಗಿಲು ದುರಸ್ತಿಯಾಗದೆ ಕೆಲಸ ಮುಗಿಯದು ಎಂಬುದನ್ನು ಪೈಥಾನ್ ಇನ್ನೊಂದು ಕಡೆಯಿಂದ ತೋರಿಸುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ: ಕ್ಲಾಸಿಗೆ ಕನ್ನಡದ ಹೆಸರಿಡುವವರು ಯಾರು? ಉದ್ಯಮ ನಡೆಯುವುದು ಇಂಗ್ಲಿಷಿನಲ್ಲಿ, ಬೆಂಗಳೂರಿನ ಕೋಡನ್ನು ಪೋಲೆಂಡಿನವರೂ ಓದಬೇಕು. ಒಪ್ಪಬೇಕಾದ ಮಾತೇ. ಆದರೆ ಕ್ಲಾಸು ಇಲ್ಲಿ ಒಂದು ನಿದರ್ಶನ. ಅದೇ ಬಾಗಿಲಲ್ಲಿ ಹಾದುಹೋಗುವ ಮಿಕ್ಕ ಹೆಸರುಗಳು ಕನ್ನಡದವೇ. ಹಳ್ಳಿಯ ಹೆಸರಿನ ಕಡತ, ಅರ್ಜಿದಾರರ ಹೆಸರಿನ ಪಿಡಿಎಫ್, ಹೊಳೆಹೊನ್ನೂರಿನ ಶಾಲೆಯೊಂದರ ಫೋಟೊ, ಇವೆಲ್ಲ ದಿನವೂ ಸರ್ವರುಗಳನ್ನು ಸೇರುತ್ತಿವೆ. ಅಲ್ಲಿ ‘ಸಿಗಲಿಲ್ಲ’ ಎಂಬ ಉತ್ತರ ಬಂದರೆ ನಷ್ಟ ಪ್ರೋಗ್ರಾಮರನದಲ್ಲ, ಕೌಂಟರಿನ ಮುಂದೆ ನಿಂತವರದು. ಅಲ್ಲದೆ ಪ್ರೋಗ್ರಾಮಿಂಗನ್ನು ಮೊದಲ ಸಲ ಕಲಿಯುವ ಕನ್ನಡ ಮಾಧ್ಯಮದ ಹುಡುಗಿಗೆ ತನ್ನ ಮಾತಿನಲ್ಲಿ ಹೆಸರಿಡುವ ಅವಕಾಶ ಒಂದು ಸೌಲಭ್ಯ, ಭಾಷೆ ಅದನ್ನು ಆಗಲೇ ಕೊಟ್ಟಿದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಹೆಸರಿನ ಗೊಂದಲ ಬೇಡ, ರೈಲ್ವೆ ಮಾಡಿದಂತೆ ಒಂದು ಸಂಕೇತ ಕೊಡಿ, ಅಥವಾ ಇಂಗ್ಲಿಷಿನ ಲಿಪಿಯಲ್ಲಿ ಬರೆಯಿರಿ. ಸಂಕೇತ ಸರಿಯೇ, ಎಸ್‌ಎಂಇಟಿ ಹೆಸರು ಬದಲಾದರೂ ಬದುಕಿ ಉಳಿದದ್ದು ಅದರ ಗುಣ. ಆದರೆ ಸಂಕೇತಕ್ಕೆ ಒಂದು ಕೋಷ್ಟಕ ಬೇಕು, ಕೋಷ್ಟಕದ ಇನ್ನೊಂದು ಕಡೆ ಮನುಷ್ಯರು ಟೈಪ್ ಮಾಡುವ ಹೆಸರೇ ಇರಬೇಕು, ಹುಡುಕುವಾಗ ಅದೇ ಬೈಟುಗಳ ಪ್ರಶ್ನೆ ಮತ್ತೆ ಎದುರಾಗುತ್ತದೆ. ಇಂಗ್ಲಿಷ್ ಲಿಪಿಯ ವಾದವನ್ನಂತೂ 2014ರ ಚರಿತ್ರೆಯೇ ತಳ್ಳಿಹಾಕುತ್ತದೆ. 2011ರ ಜನಗಣತಿಯ ಇಂಗ್ಲಿಷ್ ಕೋಷ್ಟಕಗಳಲ್ಲಿ ಜಿಲ್ಲೆ ‘ಶಿಮೋಗ’. ಅದನ್ನೇ ಕೀಲಿಯಾಗಿ ಇಟ್ಟುಕೊಂಡ ಪಟ್ಟಿಯನ್ನು ಇಂದಿನ ಪಟ್ಟಿಯ ಜೊತೆ ಹೊಂದಿಸಬೇಕಾದವರು ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟುಕೊಳ್ಳಬೇಕು. ಕನ್ನಡದ ಹೆಸರನ್ನು ಕೀಲಿಯಾಗಿ ಇಟ್ಟಿದ್ದರೆ ಆ ನವೆಂಬರಿನಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಸ್ಥಿರವೆಂದು ನಂಬಿದ್ದು ಕದಲಿತು, ತೊಡಕಿನದೆಂದು ದೂರವಿಟ್ಟದ್ದು ಅಲುಗದೆ ನಿಂತಿತು.

ಭದ್ರತೆಯ ಬಗ್ಗೆ ಕಾಳಜಿಯಿರುವವರು ಮೂರನೆಯ ಆಕ್ಷೇಪ ಎತ್ತುತ್ತಾರೆ: ಪ್ರೊವೈಡರ್ ತಾನಾಗಿ ಹೆಸರು ತಿದ್ದತೊಡಗಿದರೆ, ಎರಡು ಬೇರೆ ಕಡತಗಳು ಒಂದೇ ಎಂದು ತೋರಿ ಮೋಸಕ್ಕೆ ದಾರಿಯಾಗುವುದಿಲ್ಲವೇ? ಆಗಬಹುದು. 1996, 97ರ ಕ್ಲಾಸ್ ಲೋಡರ್ ಬಿರುಕುಗಳು ಹುಟ್ಟಿದ್ದು ಇಂಥ ಗೊಂದಲದಿಂದಲೇ. ಆದ್ದರಿಂದ ತಿದ್ದುವ ಕೆಲಸ ಒಂದೇ ಜಾಗದಲ್ಲಿ, ಒಂದೇ ಸಲ ನಡೆಯಬೇಕು. ಮೂಲ ಪ್ರೊವೈಡರಿನ ಮೇಲೆ ಹೊದಿಸಿದ ಒಂದು ತೆಳು ಪದರ ಸಾಕು. ಹೊರಗಿನಿಂದ ಬಂದ ಪ್ರತಿ ಹೆಸರನ್ನೂ ಅದು ಕೂಡಿಸಿದ ರೂಪಕ್ಕೆ ತರಲಿ, ಫೋಲ್ಡರಿನ ಪಟ್ಟಿಯನ್ನು ಹೊರಗೆ ಕೊಡುವಾಗಲೂ ಅದೇ ರೂಪದಲ್ಲಿ ಕೊಡಲಿ. ಡಿಸ್ಕಿನಲ್ಲಿ ಎರಡೂ ರೂಪದ ಕಡತಗಳು ಸಿಕ್ಕರೆ ಯಾವುದೋ ಒಂದನ್ನು ಆರಿಸಿಕೊಳ್ಳದೆ ತಪ್ಪೆಂದು ಸಾರಲಿ. ಲಿಯಾಂಗ್ ಮತ್ತು ಬ್ರಾಚಾ ಕ್ಲಾಸುಗಳಿಗೆ ಹಾಕಿದ ನಿಯಮದ ತಿರುಳೂ ಇದೇ: ಒಪ್ಪಿಗೆ ಇಲ್ಲದಿದ್ದರೆ ನಿಲ್ಲಿಸು. ಇದರಿಂದ ಎಲ್ಲವೂ ಬಗೆಹರಿಯುವುದಿಲ್ಲ ಎಂಬುದನ್ನೂ ಹೇಳಬೇಕು. ಒತ್ತಕ್ಷರವನ್ನು ಬಿಡಿಸಿ ಬರೆಯಲು ನಾವು ಬಳಸುವ, ಕಣ್ಣಿಗೆ ಕಾಣದ 8204ನೆಯ ಚಿಹ್ನೆಯನ್ನು ಈ ಕೂಡಿಸುವ ಕ್ರಮ ಮುಟ್ಟುವುದಿಲ್ಲ. ಹೆಸರಿನಲ್ಲಿ ಅದನ್ನು ಜಾವಾ ಒಳಗೆ ಬಿಡುತ್ತದೆ, ಪೈಥಾನ್ ನಿರಾಕರಿಸುತ್ತದೆ. ಅದಕ್ಕೆ ಬೇರೆಯದೇ ನಿರ್ಧಾರ ಬೇಕು, ಆ ನಿರ್ಧಾರ ಕನ್ನಡ ಬಲ್ಲವರು ಮಾಡಬೇಕಾದದ್ದು.

ಹಾಗಾದರೆ ಈ ಕೆಲಸ ಯಾರದು? ಶಿವಮೊಗ್ಗದ ಜವಾಹರಲಾಲ್ ನೆಹರು ಎಂಜಿನಿಯರಿಂಗ್ ಕಾಲೇಜು 1980ರದು, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ 1987ರದು. ಜಾವಾಕ್ಕಿಂತ ಹಳೆಯ ಈ ಎರಡು ಸಂಸ್ಥೆಗಳ ಸುತ್ತಮುತ್ತ ಕಂಪ್ಯೂಟರ್ ಕಲಿಯುವ ಸಾವಿರಾರು ಮಂದಿ ಇದ್ದಾರೆ, ಅವರಿಗೆ ಈ ಹೆಸರುಗಳು ಮನೆಯ ಹೆಸರುಗಳು. ಎಚ್‌ಎಫ್‌ಎಸ್ ಪ್ಲಸ್ ತಂದ ತೊಂದರೆ ಉಚ್ಚಾರಚಿಹ್ನೆಗಳಿರುವ ಹೆಸರುಗಳಲ್ಲಿ ಕಂಡುಬಂತು, ತೇಪೆಯೂ ಬಂತು. ಕನ್ನಡದಿಂದ ದೂರು ಹೋಗಬೇಕಾದರೆ ಮೊದಲು ಯಾರಾದರೂ ಕನ್ನಡದ ಹೆಸರಿಟ್ಟು ನೋಡಬೇಕು. ಕ್ಲಾಸ್ ಲೋಡಿಂಗ್ ಪಾಠ ಮಾಡುವ ಅಧ್ಯಾಪಕರಲ್ಲಿ ಒಂದು ಕೋರಿಕೆ: ಪ್ರಯೋಗಾಲಯದ ಮುಂದಿನ ಪಟ್ಟಿಗೆ ಜಿಲ್ಲೆಯ ಏಳು ತಾಲ್ಲೂಕುಗಳ ಹೆಸರಿನ ಏಳು ಕ್ಲಾಸುಗಳನ್ನು ಸೇರಿಸಿ, ಅವನ್ನು ಫೋಲ್ಡರಿನಿಂದ, ಜಾರ್‌ನಿಂದ, ವಿದ್ಯಾರ್ಥಿಗಳೇ ಬರೆದ ಪ್ರೊವೈಡರಿನಿಂದ ಲೋಡ್ ಮಾಡಿಸಿ, ಒಡೆದ ರೂಪದಲ್ಲೂ ಒಮ್ಮೆ ಕೊಟ್ಟು ನೋಡಿ. ಎಲ್ಲಿ ನಿಂತಿತು ಎಂಬುದನ್ನು ಬರೆದು ಜಾವಾ ಯೋಜನೆಗೆ ಕಳುಹಿಸಿ. ಆ ಯೋಜನೆಯ ಮೂಲ ಕೋಡ್ ಇಂದು ಎಲ್ಲರಿಗೂ ತೆರೆದಿದೆ, ತಿದ್ದುಪಡಿಯನ್ನು ಯಾರು ಬೇಕಾದರೂ ಬರೆದು ಕೊಡಬಹುದು.